ಹೋದ ಮಾಲೆಲ್ಲ ಮಾರಿದ ಮಾಲಲ್ಲ

2004ರ ನವೆಂಬರ್ 5, ಶುಕ್ರವಾರ. ಅಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಪಿಕ್ಸಾರ್‌ನ ‘ದಿ ಇನ್‌ಕ್ರೆಡಿಬಲ್ಸ್’ ತೆರೆಕಂಡಿತು. ಅದೇ ದಿನ ಅಂಗಡಿಗಳಲ್ಲಿ ಡ್ರೀಮ್‌ವರ್ಕ್ಸ್‌ನ ‘ಶ್ರೆಕ್ 2’ ಡಿವಿಡಿ ಮಾರಾಟಕ್ಕೆ ಬಂತು. ಏನೋ ಅಕಸ್ಮಾತ್ತಾಗಿ ಒಂದೇ ದಿನ ಬಿತ್ತು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹೊಸ ಡಿವಿಡಿ ಅಂಗಡಿಗೆ ಬರುವುದು ಮಂಗಳವಾರ. ಅದು ಆ ವ್ಯಾಪಾರದ ಪಂಚಾಂಗ. ಅದನ್ನು ಬದಿಗಿಟ್ಟು ಶುಕ್ರವಾರವೇ ಬರಬೇಕಾದರೆ ಅದಕ್ಕೊಂದು ಕಾರಣ ಬೇಕು. ಅದಕ್ಕೆ ಮೂರು ವರ್ಷ ಮೊದಲು, 2001ರ ನವೆಂಬರ್ 2ರ ಶುಕ್ರವಾರ, ಪಿಕ್ಸಾರ್‌ನ ‘ಮಾನ್‌ಸ್ಟರ್ಸ್, ಇಂಕ್.’ ಬಿಡುಗಡೆಯಾದ ದಿನವೇ ಮೊದಲನೆಯ ‘ಶ್ರೆಕ್’ ಡಿವಿಡಿ ಬಂದಿತ್ತು. ಎರಡು ಸಲವೂ ಅದೇ ಆಟ. ಅತ್ತ ಅವರ ಹೊಸ ಸಿನಿಮಾಕ್ಕೆ ಟಿಕೆಟ್ ಕೊಳ್ಳಲು ಮಕ್ಕಳನ್ನು ಕರೆದುಕೊಂಡು ಹೊರಟ ಅಪ್ಪ-ಅಮ್ಮಂದಿರ ಜೇಬಿಗೆ ಇತ್ತಲಿಂದ ಇವರೂ ಕೈ ಹಾಕುವುದು.

ಡ್ರೀಮ್‌ವರ್ಕ್ಸ್ ಆನಿಮೇಷನ್ನಿನ ಮುಖ್ಯಸ್ಥ ಆಗ ಜೆಫ್ರಿ ಕ್ಯಾಟ್ಜೆನ್‌ಬರ್ಗ್. 1984ರಿಂದ ಹತ್ತು ವರ್ಷ ಡಿಸ್ನಿ ಸ್ಟುಡಿಯೊ ನಡೆಸಿ, ಮನಸ್ತಾಪ ಮಾಡಿಕೊಂಡು ಹೊರಬಂದು, ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಡೇವಿಡ್ ಗೆಫೆನ್ ಜತೆ ಸೇರಿ ಡ್ರೀಮ್‌ವರ್ಕ್ಸ್ ಕಟ್ಟಿದವರು. ಪಿಕ್ಸಾರ್‌ನ ಸಿನಿಮಾಗಳನ್ನು ಹಂಚುತ್ತಿದ್ದುದು ಡಿಸ್ನಿ. ಹಾಗಾಗಿ ಈ ಜಿದ್ದು ಹಳೆಯದು. ಥಿಯೇಟರಿನ ದುಡ್ಡಿಗಿಂತ ಮನೆಗೆ ಮಾರುವ ವಿಡಿಯೊದ ದುಡ್ಡು ದೊಡ್ಡದಾಗಬಲ್ಲದು ಎಂಬುದನ್ನು ಆತ ಡಿಸ್ನಿಯಲ್ಲೇ ಕಂಡಿದ್ದರು. ಅವರ ಕಾಲದಲ್ಲಿ ತಯಾರಾದ ‘ದಿ ಲಯನ್ ಕಿಂಗ್’ನ ವಿಎಚ್‌ಎಸ್ ಕ್ಯಾಸೆಟ್, ಅವರು ಹೊರಬಂದ ಮೇಲೆ 1995ರಲ್ಲಿ ಬಂದು, 3 ಕೋಟಿಗೂ ಮೀರಿ ಮಾರಾಟವಾಯಿತು. ದೊಡ್ಡವರು ಸಿನಿಮಾವನ್ನು ಒಂದು ಸಲ ನೋಡಿ ಮರೆಯುತ್ತಾರೆ. ಮಕ್ಕಳು ಅದನ್ನೇ ದಿನಾ ನೋಡುತ್ತಾರೆ. ಆದ್ದರಿಂದ ಬಾಡಿಗೆಗೆ ತಂದರೆ ಪೂರೈಸುವುದಿಲ್ಲ, ಕೊಳ್ಳಲೇಬೇಕು. ಆನಿಮೇಷನ್ ಸಿನಿಮಾಗಳ ಇಡೀ ಅರ್ಥಶಾಸ್ತ್ರ ಈ ಒಂದು ಬಾಲಬುದ್ಧಿಯ ಮೇಲೆ ನಿಂತಿತ್ತು.

ನಾನಾಗ ಲಾಸ್ ಏಂಜಲೀಸಿನಲ್ಲಿ ಒಂದು ಸಣ್ಣ ಸಂಶೋಧನಾ ಕಂಪನಿಯಲ್ಲಿದ್ದೆ. ಸಂಶೋಧನೆ ಅಂದರೆ ಗಾಬರಿಯಾಗಬೇಡಿ, ನಮ್ಮದು ಎಣಿಸುವ ಕೆಲಸ. ಷೇರಿನಲ್ಲಿ ದುಡ್ಡು ಹಾಕುವ ದೊಡ್ಡ ಕುಳಗಳಿಗೆ, ಯಾವ ಸ್ಟುಡಿಯೊದ ಯಾವ ಸಿನಿಮಾ ಡಿವಿಡಿ ರೂಪದಲ್ಲಿ ಎಷ್ಟು ಮಾರುತ್ತಿದೆ ಎಂದು ವಾರವಾರ ಹೇಳಬೇಕು. ಸ್ಟುಡಿಯೊಗಳು ತಮ್ಮ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿಡುವ ಮೊದಲೇ ನಮ್ಮ ಗಿರಾಕಿಗಳಿಗೆ ಅದರ ವಾಸನೆ ಸಿಗಬೇಕು. ಅಷ್ಟಕ್ಕೇ ಅವರು ಕಾಸು ಕೊಡುತ್ತಿದ್ದುದು. ಡ್ರೀಮ್‌ವರ್ಕ್ಸ್ ಆನಿಮೇಷನ್ ಷೇರುಪೇಟೆಗೆ ಬಂದದ್ದು 2004ರ ಅಕ್ಟೋಬರ್ ಕೊನೆಯ ವಾರ, ಅಂದರೆ ‘ಶ್ರೆಕ್ 2’ ಡಿವಿಡಿ ಬರುವುದಕ್ಕೆ ಸುಮಾರು ಒಂದು ವಾರ ಮೊದಲು. 28 ಡಾಲರಿಗೆ ಹಂಚಿದ ಷೇರು ಮೊದಲ ದಿನವೇ 38 ದಾಟಿತು. ವರ್ಷಕ್ಕೆ ಎರಡೇ ಸಿನಿಮಾ ಮಾಡುವ ಕಂಪನಿ ಅದು. ಅಂಥ ಕಂಪನಿಯ ಷೇರು ಕೊಂಡವನು ನಿಜಕ್ಕೂ ಕೊಂಡದ್ದು ಒಂದು ಹಸಿರು ದೈತ್ಯನ ಡಿವಿಡಿ ಪೆಟ್ಟಿಗೆಯನ್ನು. ನಮ್ಮ ಆಫೀಸಿನಲ್ಲಿ ಆ ಚಳಿಗಾಲ ಬೇರೆ ಸಿನಿಮಾಗಳ ಮಾತೇ ಇರಲಿಲ್ಲ.

ಎಣಿಸುವುದು ಸುಲಭ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಪ್ರತಿ ಡಿವಿಡಿಗೂ ಬಾರ್‌ಕೋಡ್ ಇರುತ್ತದೆ, ಕೌಂಟರಿನಲ್ಲಿ ಕೀಂಕ್ ಅಂದಾಗ ಒಂದು ಮಾರಾಟ. ನೀಲ್ಸನ್ ಕಂಪನಿಯ ವಿಡಿಯೊಸ್ಕ್ಯಾನ್ ಎಂಬ ಸೇವೆ ಅಂಗಡಿಗಳ ಈ ಕೀಂಕುಗಳನ್ನೆಲ್ಲ ಒಟ್ಟು ಮಾಡಿ ಚಂದಾದಾರರಿಗೆ ಕೊಡುತ್ತಿತ್ತು. ಆದರೆ ಅದರಲ್ಲೊಂದು ಕಂದಕವಿತ್ತು. ವಾಲ್‌ಮಾರ್ಟ್ ತನ್ನ ಮಾರಾಟದ ಲೆಕ್ಕವನ್ನು ಅದಕ್ಕೆ ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ ಮಾರುವ ಮೂರು ಡಿವಿಡಿಗಳಲ್ಲಿ ಒಂದಕ್ಕಿಂತ ಹೆಚ್ಚು ವಾಲ್‌ಮಾರ್ಟಿನಲ್ಲೇ ಮಾರುತ್ತದೆ ಎಂಬ ಮಾತು ಆಗ ಉದ್ಯಮದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಮಕ್ಕಳ ಸಿನಿಮಾ ಅಂದರೆ ಆ ಪಾಲು ಇನ್ನೂ ದೊಡ್ಡದು. ಸೊಪ್ಪು, ಹಾಲು, ಡಯಾಪರ್ ಕೊಳ್ಳಲು ಬಂದ ತಾಯಿ ಗಾಡಿಗೆ ಅದನ್ನೂ ಹಾಕಿಕೊಳ್ಳುತ್ತಾಳೆ. ಅಂದರೆ ನಮ್ಮ ಕೈಗೆ ಸಿಗುತ್ತಿದ್ದ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗಡಿಯೇ ಇರಲಿಲ್ಲ.

ಇದಕ್ಕೆ ಉಪಾಯ ಒಂದೇ, ಕಾಲು. ಅಂಗಡಿಗೇ ಹೋಗಿ ಎಣಿಸುವುದು. ವಾಲ್‌ಸ್ಟ್ರೀಟಿನ ಭಾಷೆಯಲ್ಲಿ ಇದಕ್ಕೆ ‘ಚಾನೆಲ್ ಚೆಕ್’ ಎಂಬ ಠೀವಿಯ ಹೆಸರಿದೆ. ಮಾಡುವುದು ಮಾತ್ರ ಸಂತೆಯಲ್ಲಿ ಕುಂಬಳಕಾಯಿ ಲೆಕ್ಕ ಹಾಕುವಷ್ಟು ಬರಿಗೈ ಕೆಲಸ. ಬೆಳಿಗ್ಗೆ ಒಂದು ಸಲ, ಎರಡು ದಿನ ಬಿಟ್ಟು ಇನ್ನೊಂದು ಸಲ, ಅದೇ ಅಂಗಡಿಯ ಅದೇ ಮೂಲೆಯಲ್ಲಿ ನಿಂತು ಎಷ್ಟು ಉಳಿದಿದೆ, ಎಷ್ಟು ಹೊಸದಾಗಿ ತುಂಬಿದ್ದಾರೆ ಎಂದು ಬರೆದುಕೊಳ್ಳಬೇಕು. ನನಗೆ ಬಿದ್ದದ್ದು ಸ್ಯಾನ್ ಫರ್ನಾಂಡೋ ಕಣಿವೆಯ ಕಡೆ.

ಪನೋರಮಾ ಸಿಟಿಯ ವಾಲ್‌ಮಾರ್ಟಿನಲ್ಲಿ ಒಳಗೆ ಕಾಲಿಟ್ಟ ಕೂಡಲೇ ರಟ್ಟಿನ ಒಂದು ದೊಡ್ಡ ತೊಟ್ಟಿ ನಿಂತಿರುತ್ತಿತ್ತು. ಎದೆಮಟ್ಟ ಎತ್ತರ. ಮುಂದಿನ ಮುಖದಲ್ಲಿ ಶ್ರೆಕ್, ಫಿಯೋನಾ, ಕತ್ತೆ, ಟೊಪ್ಪಿಗೆ ಹಾಕಿದ ಬೆಕ್ಕು. ಒಳಗೆ ಮಾತ್ರ ಡಿವಿಡಿಗಳನ್ನು ಜೋಡಿಸಿರುತ್ತಿರಲಿಲ್ಲ, ಸುರಿದಿರುತ್ತಿದ್ದರು. ಬೇಕೆಂದೇ ಹಾಗೆ. ಜೋಡಿಸಿಟ್ಟದ್ದನ್ನು ಜನ ನೋಡಿ ಹೋಗುತ್ತಾರೆ, ಸುರಿದದ್ದರಲ್ಲಿ ಕೈಯಾಡಿಸುತ್ತಾರೆ, ಕೈಯಾಡಿಸಿದ ಮೇಲೆ ಬರಿಗೈಯಲ್ಲಿ ಹೋಗುವುದು ಕಷ್ಟ. ನನ್ನಂಥ ಎಣಿಸುವವನಿಗೆ ಮಾತ್ರ ಅದು ಶಾಪ. ಪ್ಲಾಸ್ಟಿಕ್ ಹಾಳೆ ಸುತ್ತಿದ ಆ ಪೆಟ್ಟಿಗೆಗಳು ಒಂದರ ಮೇಲೊಂದು ಜಾರುತ್ತಿದ್ದವು. ಮೊಣಕೈವರೆಗೆ ಕೈ ತೂರಿಸಿ ತಳ ಮುಟ್ಟಿ ನೋಡದೆ ಆಳ ಗೊತ್ತಾಗುತ್ತಿರಲಿಲ್ಲ. ಕೆಲವು ತೊಟ್ಟಿಗಳ ತಳವನ್ನೇ ರಟ್ಟು ಮಡಚಿ ಮೇಲೆತ್ತಿರುತ್ತಿದ್ದರು, ಅರ್ಧ ಖಾಲಿಯಾದರೂ ತುಂಬಿದಂತೆ ಕಾಣಲಿ ಎಂದು. ಮಗನಿಗೆ ಉಡುಗೊರೆ ಹುಡುಕುತ್ತಿರುವ ಅಪ್ಪನ ಮುಖಭಾವ ಹಾಕಿಕೊಂಡು, ಪ್ಯಾಂಟಿನ ಜೇಬಿನೊಳಗೆ ಕ್ಲಿಕ್ಕರ್ ಒತ್ತುತ್ತಾ ನಿಲ್ಲುತ್ತಿದ್ದೆ. ನನಗಾಗ ಮದುವೆಯೇ ಆಗಿರಲಿಲ್ಲ.

ಇನ್ನೊಂದು ತೊಡಕು. ‘ಶ್ರೆಕ್ 2’ ಅಂದರೆ ಒಂದು ಮಾಲಲ್ಲ. ಅಗಲ ಪರದೆಯದು ಒಂದು, ಟಿವಿಯ ಚೌಕಕ್ಕೆ ಕತ್ತರಿಸಿ ಕೂರಿಸಿದ ‘ಫುಲ್ ಸ್ಕ್ರೀನ್’ ಇನ್ನೊಂದು, ಜತೆಗೆ ಇನ್ನೂ ಸತ್ತಿರದ ವಿಎಚ್‌ಎಸ್. ಪ್ರತಿಯೊಂದಕ್ಕೂ ಬೇರೆ ಬಾರ್‌ಕೋಡ್. ಮನೆಗಳಲ್ಲಿ ಆಗ ಹೆಚ್ಚಿಗೆ ಇದ್ದದ್ದು ಚೌಕದ ಡಬ್ಬಾ ಟಿವಿ. ಅದರಲ್ಲಿ ಅಗಲ ಪರದೆಯ ಡಿವಿಡಿ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಒಂದು ದಿನ ಮೆಕ್ಸಿಕೊ ಮೂಲದ ಒಬ್ಬ ಅಜ್ಜಿ ಎರಡೂ ಪೆಟ್ಟಿಗೆ ಹಿಡಿದುಕೊಂಡು ನನ್ನನ್ನು ಅಂಗಡಿಯವನೆಂದೇ ತಿಳಿದು ಕೇಳಿದರು, ಇದರಲ್ಲಿ ಪೂರ್ತಿ ಸಿನಿಮಾ ಇರುವುದು ಯಾವುದರಲ್ಲಿ ಎಂದು. ಹಿಂದಿನ ಸಲ ಕೊಂಡದ್ದರಲ್ಲಿ ಚಿತ್ರ ಅರ್ಧ ಕತ್ತರಿಸಿಹೋಗಿತ್ತಂತೆ, ಮೊಮ್ಮಗ ಅತ್ತು ರಂಪ ಮಾಡಿದನಂತೆ. ನಿಜದಲ್ಲಿ ಪೂರ್ತಿ ಚಿತ್ರ ಇರುವುದು ಕಪ್ಪು ಪಟ್ಟಿಯದರಲ್ಲೇ, ಟಿವಿ ತುಂಬ ಕಾಣುವುದರಲ್ಲಿ ಎಡಬಲ ಕತ್ತರಿಸಿರುತ್ತಾರೆ. ಅದನ್ನು ನನಗೆ ಬರುವ ಎರಡು ಮಾತು ಸ್ಪ್ಯಾನಿಷ್‌ನಲ್ಲಿ ವಿವರಿಸುವ ಸಾಹಸಕ್ಕೆ ಹೋಗಲಿಲ್ಲ. ಟಿವಿ ತುಂಬ ಬರುವುದನ್ನೇ ತೋರಿಸಿದೆ. ಮೊಮ್ಮಗನ ದೃಷ್ಟಿಯಲ್ಲಿ ಅದೇ ಸರಿ. ಒಂದು ಮಾರಾಟ ನನ್ನ ಕಣ್ಣೆದುರಿಗೇ, ನನ್ನ ಸಲಹೆಯಿಂದಲೇ ಆಯಿತು. ಅದನ್ನೂ ಕ್ಲಿಕ್ ಮಾಡಿಕೊಂಡೆ.

ಮೊದಲ ವಾರಾಂತ್ಯ ಜಾತ್ರೆ. ಮೂರೇ ದಿನದಲ್ಲಿ ಒಂದು ಕೋಟಿಗೂ ಮೀರಿ ಪ್ರತಿ ಹೋಯಿತೆಂದು ಪ್ರಕಟಣೆ ಬಂತು. ಹಿಂದಿನ ವರ್ಷ ‘ಫೈಂಡಿಂಗ್ ನೀಮೊ’ ಮೊದಲ ದಿನವೇ ಸುಮಾರು 80 ಲಕ್ಷ ಮಾರಿ ಎಲ್ಲರ ಬಾಯಿ ಮುಚ್ಚಿಸಿತ್ತು. ಈಗ ಎಲ್ಲರ ಲೆಕ್ಕ ಶುರುವಾಯಿತು. ಲೆಕ್ಕ ಅಂದರೆ ತ್ರೈರಾಶಿ. ‘ನೀಮೊ’ ಅಮೆರಿಕದ ಥಿಯೇಟರುಗಳಲ್ಲಿ ಗಳಿಸಿದ್ದು ಸುಮಾರು 34 ಕೋಟಿ ಡಾಲರ್, ‘ಶ್ರೆಕ್ 2’ 44 ಕೋಟಿ. ಥಿಯೇಟರಿನಲ್ಲಿ ಅಷ್ಟಕ್ಕೆ ಡಿವಿಡಿ ಅಷ್ಟಾದರೆ, ಇಷ್ಟಕ್ಕೆ ಎಷ್ಟು? ಸ್ಕೂಲು ಹುಡುಗರೂ ಮಾಡುವ ಲೆಕ್ಕ. ಸ್ಟುಡಿಯೊಗಳು, ವಿಶ್ಲೇಷಕರು, ನಮ್ಮ ಗಿರಾಕಿಗಳು, ಎಲ್ಲರೂ ಇದನ್ನೇ ಬೇರೆ ಬೇರೆ ಟೈ ಕಟ್ಟಿಕೊಂಡು ಮಾಡುತ್ತಿದ್ದರು. ‘ನೀಮೊ’ಗಿಂತ ‘ಶ್ರೆಕ್ 2’ ಹೆಚ್ಚು ಮಾರಲೇಬೇಕು ಎಂಬುದು ವೇದವಾಕ್ಯವಾಯಿತು. ಅಚ್ಚು ಹಾಕಿದ್ದೂ, ಅಂಗಡಿಗಳಿಗೆ ತುಂಬಿದ್ದೂ ಅದೇ ಧೈರ್ಯದ ಮೇಲೆ.

ಆ ದಿನಗಳಲ್ಲಿ ಊರಿಗೆ ಫೋನ್ ಮಾಡಿದಾಗ ಅಪ್ಪ, “ಬೊಂಬೆ ಸಿನಿಮಾ ಎಣ್ಸೋಕೆ ನಿಂಗೆ ಸಂಬಳ ಕೊಡ್ತಾರೇನ್ಲಾ?” ಅಂತ ನಗುತ್ತಿದ್ದರು. ಅಪ್ಪ ಅರಸೀಕೆರೆಯಲ್ಲಿ ಪೇಪರ್ ಏಜೆಂಟರು. ದಿನಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆ ಎಲ್ಲವೂ. ಬಂಡಲು ಬಿಚ್ಚಿ, ಎಣಿಸಿ, ಸುತ್ತಲ ಹಳ್ಳಿಗಳ ಉಪ ಏಜೆಂಟರಿಗೆ ಬಸ್ಸಿನ ಮೇಲೆ ಹಾಕಿ, ಆಮೇಲೆ ಕಾಫಿ. ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸ, ಮಾರದೆ ಉಳಿದ ವಾರಪತ್ರಿಕೆಗಳ ಮುಖಪುಟದಿಂದ ಹೆಸರಿರುವ ಪಟ್ಟಿಯನ್ನು ಕತ್ತರಿಸಿ ಐವತ್ತೈವತ್ತರ ಕಟ್ಟು ಕಟ್ಟುವುದು. ಆ ಪಟ್ಟಿಗಳನ್ನು ಆಫೀಸಿಗೆ ಕಳಿಸಿದರೆ ಅಷ್ಟು ಪ್ರತಿಯ ದುಡ್ಡು ವಜಾ. ದೀಪಾವಳಿ ವಿಶೇಷಾಂಕದ ಹೊತ್ತಿಗೆ ಹಳ್ಳಿ ಏಜೆಂಟರು ಹುಮ್ಮಸ್ಸಿನಲ್ಲಿ ಎರಡರಷ್ಟು ಬರೆಸುತ್ತಿದ್ದರು. ಕಾರ್ತಿಕ ಕಳೆಯುತ್ತಿದ್ದಂತೆ ನನ್ನ ಕತ್ತರಿಗೆ ಕೈತುಂಬ ಕೆಲಸ. ಪತ್ರಿಕೆಯವರು ಮಾತ್ರ ದೀಪಾವಳಿಯ ಮರುವಾರವೇ ಇಷ್ಟು ಸಾವಿರ ಪ್ರತಿ ಖರ್ಚು ಅಂತ ಹಾಕಿಕೊಂಡುಬಿಟ್ಟಿರುತ್ತಿದ್ದರು. ಅಪ್ಪನಿಗೆ ನಾನು ‘ಶ್ರೆಕ್ 2’ ಕೋಟಿ ದಾಟಿದ ಕತೆ ಹೇಳಿದರೆ ಅವರು ಕೇಳಿದ್ದು ಒಂದೇ. “ಅಂಗಡಿಯವ್ನು ಇಳಿಸ್ಕೊಂಡ ಅಂದ್ರೆ ಮಾರಿದಂಗೇನ್ಲಾ? ರಿಟರ್ನು ಎಷ್ಟು ಬಂತು ಅಂತ ಕೇಳು.”

ರಿಟರ್ನು. ಡಿವಿಡಿ ವ್ಯಾಪಾರದ ಜೀವವೂ ಅದೇ, ಗುಂಡಿಯೂ ಅದೇ. ಅಂಗಡಿಯವನು ತೆಗೆದುಕೊಂಡ ಮಾಲಿಗೆ ಸ್ಟುಡಿಯೊ ಬಿಲ್ಲು ಹಾಕುತ್ತದೆ. ಮಾರದೆ ಉಳಿದರೆ ವಾಪಸ್ ಕಳಿಸಬಹುದು, ದುಡ್ಡು ಜಮೆಯಾಗುತ್ತದೆ. ಹಾಗಾಗಿ ಅಂಗಡಿಯವನಿಗೆ ಹೆಚ್ಚು ಇಳಿಸಿಕೊಳ್ಳಲು ಭಯವಿಲ್ಲ, ಸ್ಟುಡಿಯೊಗೆ ಹೆಚ್ಚು ಇಳಿಸಲು ಆಸೆ. ಲೆಕ್ಕಪತ್ರದಲ್ಲಿ ಸ್ಟುಡಿಯೊ ಆದಾಯ ಬರೆದುಕೊಳ್ಳುವುದು ಮಾಲು ಹೋದಾಗ, ಮಗುವಿನ ಕೈಗೆ ತಲುಪಿದಾಗಲ್ಲ. ಅದರಲ್ಲಿ ಇಷ್ಟು ಪಾಲು ವಾಪಸ್ ಬರಬಹುದು ಎಂದು ಅಂದಾಜು ಮಾಡಿ ಒಂದು ಮೊತ್ತವನ್ನು ಮೊದಲೇ ಕಳೆದಿಡುತ್ತಾರೆ. ಆ ಅಂದಾಜಿಗಿಂತ ಹೆಚ್ಚು ವಾಪಸ್ ಬಂದರೆ? ಹೋದ ತ್ರೈಮಾಸಿಕದಲ್ಲಿ ಎದೆಯುಬ್ಬಿಸಿ ತೋರಿಸಿದ ಆದಾಯವನ್ನು ಈ ತ್ರೈಮಾಸಿಕದಲ್ಲಿ ತಲೆ ತಗ್ಗಿಸಿ ಕಳೆಯಬೇಕು. ಇಡೀ ಕಂಪನಿಯ ವರ್ಷದ ಹಣೆಬರಹ ಒಂದು ಅಂದಾಜಿನ ಮೇಲೆ ನಿಂತಿರುತ್ತದೆ.

ಕ್ರಿಸ್‌ಮಸ್ ಮುಗಿಯಿತು. ಜನವರಿಯಲ್ಲಿ ಮತ್ತೆ ಅದೇ ಅಂಗಡಿಗಳ ಸುತ್ತು. ಬಾಗಿಲ ಬಳಿಯ ತೊಟ್ಟಿ ಅಲ್ಲಿರಲಿಲ್ಲ, ಒಳಗೆ ಟಿವಿಗಳ ಸಾಲಿನ ಕೊನೆಗೆ ಹೋಗಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ನವೆಂಬರಿನಲ್ಲಿ ಮೊದಲ ವಾರ 15 ಡಾಲರಿನ ಆಸುಪಾಸಿಗೆ ಬಿಟ್ಟಿದ್ದರು. ಅದು ಅಂಗಡಿಗೆ ಗಿಟ್ಟುವ ದರವಲ್ಲ, ಜನರನ್ನು ಒಳಗೆ ಎಳೆಯುವ ಆಮಿಷ. ಡಿವಿಡಿಯಲ್ಲಿ ಕಳೆದದ್ದನ್ನು ಗಾಡಿಯಲ್ಲಿ ಬೀಳುವ ಬೇರೆ ಸಾಮಾನಿನಲ್ಲಿ ಗಳಿಸುತ್ತಾರೆ. ಆ ಆಮಿಷದ ದಿನಗಳು ಮುಗಿದ ಮೇಲೆ ದರ ಏರಿತು, ಕೈಯಾಡಿಸುವವರು ಕಡಿಮೆಯಾದರು. ಎರಡು ದಿನ ಬಿಟ್ಟು ಹೋದರೂ ನನ್ನ ಚೀಟಿಯಲ್ಲಿ ಅದೇ ಸಂಖ್ಯೆ. ಒಂದು ಬೆಳಿಗ್ಗೆ ನೀಲಿ ಅಂಗಿಯ ಹುಡುಗ ತೊಟ್ಟಿಯಿಂದ ಡಿವಿಡಿಗಳನ್ನು ಬಾಚಿ ಬಾಚಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಎಲ್ಲಿಗೆ ಅಂದೆ. ಹಿಂದಕ್ಕೆ ಅಂದ, ಹೆಬ್ಬೆರಳಿನಲ್ಲಿ ಗೋದಾಮಿನ ಬಾಗಿಲು ತೋರಿಸಿ. ಪೆಟ್ಟಿಗೆಗೆ ಟೇಪ್ ಸುತ್ತಿ, ಮೇಲೊಂದು ಚೀಟಿ ಅಂಟಿಸಿ, ಕಾಲಿನಿಂದ ನೂಕಿದ.

ಯಾಕೆ ಹೀಗಾಯಿತು ಎಂಬುದಕ್ಕೆ ಆಮೇಲೆ ನೂರೆಂಟು ವಿವರಣೆ ಬಂದವು. ಜನ ಬೇಸತ್ತರು ಅಂದರು. ಕಳ್ಳ ಪ್ರತಿ ಅಂದರು. ಅಂಗಡಿಯಲ್ಲಿ ನಿಂತವನಿಗೆ ಕಂಡದ್ದು ಬೇರೆ. ಒಂದು, ಕಪಾಟಿನ ಜಾಗ. ಆ ನವೆಂಬರಿನಲ್ಲೇ ‘ಸೈನ್‌ಫೆಲ್ಡ್’ ಧಾರಾವಾಹಿಯ ಡಿವಿಡಿ ಕಟ್ಟುಗಳು ಬಂದವು, ತಿಂಗಳ ಕೊನೆಗೆ ‘ಸ್ಪೈಡರ್‌ಮ್ಯಾನ್ 2’ ಬಂತು. ಪ್ರತಿ ಮಂಗಳವಾರ ಹೊಸದೊಂದು ರಾಶಿ ಬಂದು ಹಳೆಯದನ್ನು ಹಿಂದಕ್ಕೆ ತಳ್ಳುತ್ತಿತ್ತು. ‘ಲಯನ್ ಕಿಂಗ್’ ಕಾಲದಲ್ಲಿ ಒಂದು ಕ್ಯಾಸೆಟ್ ತಿಂಗಳುಗಟ್ಟಲೆ ಮಾರುತ್ತಿತ್ತು, ಬೇಕೆಂದೇ ಕೆಲಕಾಲ ಮಾರಿ ಡಿಸ್ನಿ ಅದನ್ನು ಪೇಟೆಯಿಂದ ಎತ್ತಿಬಿಡುತ್ತಿತ್ತು, ಆಸೆ ಉಳಿಯಲಿ ಎಂದು. ಡಿವಿಡಿ ಕಾಲಕ್ಕೆ ಮಾರಾಟದ ಹೆಚ್ಚಿನ ಪಾಲು ಮೊದಲ ಕೆಲವು ವಾರಗಳಲ್ಲೇ ಮುಗಿಯತೊಡಗಿತ್ತು. ಮೊದಲ ವಾರಾಂತ್ಯದ ಎತ್ತರ ನೋಡಿ ಬೆಟ್ಟದ ಅಗಲ ಹೇಳುವ ಹಳೆಯ ತ್ರೈರಾಶಿ ಅಲ್ಲಿಗೆ ಕೆಲಸಕ್ಕೆ ಬಾರದಾಯಿತು. ಇನ್ನೊಂದು, ಮನೆಗಳ ಕಪಾಟು. ಡಿವಿಡಿ ಪ್ಲೇಯರ್ ಹೊಸದಾಗಿ ಕೊಂಡವರು ಮೊದಲೆರಡು ವರ್ಷ ಸಿಕ್ಕಿದ್ದೆಲ್ಲ ಕೊಳ್ಳುತ್ತಾರೆ. ಆಮೇಲೆ ಆರಿಸುತ್ತಾರೆ. 2003ರ ‘ನೀಮೊ’ ಆ ಹಸಿವಿನ ತುದಿಯಲ್ಲಿ ಬಂತು. ‘ಶ್ರೆಕ್ 2’ ಬಂದಾಗ ಆ ಹಸಿವು ಸ್ವಲ್ಪ ಇಳಿದಿತ್ತು. ತ್ರೈರಾಶಿಯಲ್ಲಿ ಹಸಿವಿಗೆ ಕಲಮಿಲ್ಲ.

ನಮ್ಮ ವರದಿ ಗಿರಾಕಿಗಳಿಗೆ ಹೋಯಿತು. ಅದರ ಭಾಷೆ ಸಾಧುವಾಗಿತ್ತು. ‘ದಾಸ್ತಾನು ನಿರೀಕ್ಷೆಗಿಂತ ಹೆಚ್ಚಿರುವ ಲಕ್ಷಣಗಳಿವೆ’ ಎಂಬ ಧಾಟಿ. ಕೆಲವರು ನಂಬಿದರು, ಹೆಚ್ಚಿನವರು ನಂಬಲಿಲ್ಲ. ಲಾಸ್ ಏಂಜಲೀಸಿನ ಕೆಲವು ಅಂಗಡಿಗಳ ತೊಟ್ಟಿ ನೋಡಿ ದೇಶದ ಲೆಕ್ಕ ಹೇಳುವುದುಂಟೇ ಎಂದರು. ಆ ಮಾತಿನಲ್ಲಿ ಹುರುಳಿತ್ತು. ನಮ್ಮ ಹಾಗೇ ಬೇರೆ ಊರುಗಳಲ್ಲೂ ತೊಟ್ಟಿ ತಡಕುವವರಿದ್ದರು ಎಂಬುದು ಮಾತ್ರ ಅವರಿಗೆ ಆಗ ಗೊತ್ತಿರಲಿಲ್ಲ.

2005ರ ಮೇ ತಿಂಗಳಲ್ಲಿ ಡ್ರೀಮ್‌ವರ್ಕ್ಸ್ ಆನಿಮೇಷನ್ ತನ್ನ ಮೊದಲ ತ್ರೈಮಾಸಿಕದ ಫಲಿತಾಂಶ ಹೇಳಿತು. ‘ಶ್ರೆಕ್ 2’ ಡಿವಿಡಿ ನೆಚ್ಚಿಕೊಂಡಷ್ಟು ಹೋಗಿಲ್ಲ, ವಾಪಸ್ ಬಂದದ್ದು ಹೆಚ್ಚಾಗಿದೆ, ಲಾಭ ಎಣಿಸಿದ್ದಕ್ಕಿಂತ ಕಡಿಮೆ. ಷೇರು ದಪ್ಪನೆ ಬಿತ್ತು. ಜುಲೈ ಹೊತ್ತಿಗೆ ಇನ್ನೊಮ್ಮೆ ವರ್ಷದ ಅಂದಾಜು ತಗ್ಗಿಸಿದಾಗ ಅದು ಮೊದಲು ಹಂಚಿದ 28 ಡಾಲರಿಗಿಂತ ಕೆಳಗಿತ್ತು. ಷೇರುದಾರರು ಕೋರ್ಟಿಗೆ ಹೋದರು. ಗಿರಾಕಿಗಳ ಫೋನು ನಮ್ಮ ಆಫೀಸಿಗೆ ಬರತೊಡಗಿದವು, ಈಗ ಮುಂದಿನದರ ತೊಟ್ಟಿ ಹೇಗಿದೆ ಎಂದು.

ಮುಂದಿನದೂ ಹಾಗೇ ಇತ್ತು. ‘ದಿ ಇನ್‌ಕ್ರೆಡಿಬಲ್ಸ್’ ಡಿವಿಡಿ ಮಾರ್ಚ್ 15ರ ಮಂಗಳವಾರ, ಪದ್ಧತಿ ಪ್ರಕಾರವೇ, ಬಂದಿತ್ತು. ಸ್ಟೀವ್ ಜಾಬ್ಸ್ ಅವರ ಪಿಕ್ಸಾರ್ ಇಂಥ ಮುಗ್ಗರಿಕೆ ಕಂಡ ಕಂಪನಿಯಲ್ಲ. ಆದರೆ ಜೂನ್ ಕೊನೆಗೆ ಅದೂ ಬಾಯಿ ಬಿಡಬೇಕಾಯಿತು. ಡಿವಿಡಿ ವಾಪಸಾತಿಗೆ ಇನ್ನಷ್ಟು ಮೊತ್ತ ಕಳೆದಿಡಬೇಕಾಗಿದೆ, ಆ ತ್ರೈಮಾಸಿಕದಲ್ಲಿ ಷೇರಿಗೆ 15 ಸೆಂಟ್ ಗಳಿಕೆ ಎಂದಿದ್ದದ್ದು 10 ಸೆಂಟ್ ಆಗಲಿದೆ ಎಂದಿತು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಆ ಬೇಸಿಗೆಯಲ್ಲಿ ಎರಡೂ ಕಂಪನಿಗಳಿಂದ ವಿವರ ಕೇಳಿತು. ಒಂದೇ ದಿನ ಎದುರಾಬದುರಾ ನಿಂತು ಜಿದ್ದಿಗೆ ಬಿದ್ದಿದ್ದ ಎರಡು ಸಿನಿಮಾಗಳು ಎಂಟೇ ತಿಂಗಳಲ್ಲಿ ಒಂದೇ ಗುಂಡಿಗೆ ಬಿದ್ದವು. ಇದರಲ್ಲಿ ಮೋಸ ಹುಡುಕಿದವರಿದ್ದರು. ನನಗೇನೂ ಹಾಗೆ ಅನಿಸಲಿಲ್ಲ. ಹೋದ ಮಾಲನ್ನು ಮಾರಿದ ಮಾಲು ಎಂದು ಎಲ್ಲರೂ ಸೇರಿ ನಂಬಿದ್ದರು, ಅಷ್ಟೇ. ವಿಡಿಯೊ ಮಾರಾಟ ವರ್ಷ ವರ್ಷ ಏರುತ್ತಲೇ ಇದ್ದ ಕಾಲದಲ್ಲಿ ಆ ನಂಬಿಕೆ ಯಾರಿಗೂ ಕಾಟ ಕೊಟ್ಟಿರಲಿಲ್ಲ.

ಇಷ್ಟೆಲ್ಲ ಎಣಿಸಿದರೂ ಯಾರೂ ಎಣಿಸದೆ ಬಿಟ್ಟದ್ದು ಒಂದಿತ್ತು. ಲಾಸ್ ಏಂಜಲೀಸಿನ ತೆಂಕಣಕ್ಕೆ ಸೆರಿಟೋಸ್‌ನಲ್ಲಿ ನನ್ನ ಗೆಳೆಯನೊಬ್ಬನ ಮನೆ. ಹಾಸನದವನು. ಭಾನುವಾರ ಮುದ್ದೆ, ಬಸ್ಸಾರಿನ ಆಸೆಗೆ ಹೋಗುತ್ತಿದ್ದೆ. ಅವನ ಮಗಳಿಗೆ ಮೂರು ವರ್ಷ. ಊಟದ ಹೊತ್ತಿಗೆ ‘ಶ್ರೆಕ್ 2’ ಹಾಕದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಕೊನೆಗೆ ಬರುವ ‘ಫಾರ್ ಫಾರ್ ಅವೇ ಐಡಲ್’ ಹಾಡಿನ ಸ್ಪರ್ಧೆ ಬಂದರೆ ತಟ್ಟೆ ಬಿಟ್ಟು ಕುಣಿತ. ಡಿಸ್ಕಿನ ಮೇಲೆ ಮೊಸರನ್ನದ ಬೆರಳಚ್ಚು. ಒಂದು ದಿನ ಬೆಕ್ಕು ಕಣ್ಣರಳಿಸುವ ದೃಶ್ಯದಲ್ಲಿ ಚಿತ್ರ ಸಿಕ್ಕಿಹಾಕಿಕೊಂಡಿತು. ಗೆಳೆಯನ ಹೆಂಡತಿ ಡಿಸ್ಕನ್ನು ಸೆರಗಿನಿಂದ ಒರೆಸಿ, ಊದಿ, ಮತ್ತೆ ಹಾಕಿದರು. ಆಗಲಿಲ್ಲ. ಮರುದಿನವೇ ಇನ್ನೊಂದು ತಂದರು. ನೀಲ್ಸನ್ ಲೆಕ್ಕದಲ್ಲಿ ಆ ಮನೆ ಎರಡು ಪ್ರತಿ. ನೂರಾರು ಸಲ ನೋಡಿದ್ದು ಲೆಕ್ಕದಲ್ಲೇ ಇಲ್ಲ.

ಅದೇ ಮನೆಯಿಂದ ಒಂದು ಪ್ರತಿ ಹಾಸನಕ್ಕೂ ಹೋಯಿತು, ಅಣ್ಣನ ಮಕ್ಕಳಿಗೆ. ಅಲ್ಲಿ ಅದು ಓಡಲೇ ಇಲ್ಲ. ಅಮೆರಿಕದ ಡಿವಿಡಿಗಳಿಗೆ ವಲಯ 1ರ ಬೀಗ, ಭಾರತ ವಲಯ 5. ಹುಡುಗರು ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಿಂದ ತರಿಸಿಕೊಂಡ ಕಳ್ಳ ಡಿಸ್ಕಿಗೆ ಯಾವ ವಲಯದ ಹಂಗೂ ಇರಲಿಲ್ಲ. ಅದನ್ನು ಎಣಿಸುವವರೂ ಇರಲಿಲ್ಲ. ಕೆಲವು ವರ್ಷಗಳಲ್ಲಿ ಮೋಸರ್ ಬೇರ್ ಕಂಪನಿ ಕನ್ನಡ ಸಿನಿಮಾಗಳನ್ನೂ ಸೇರಿಸಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರುಮಾಡಿತು. ರಜೆಗೆ ಊರಿಗೆ ಬಂದಾಗ ಅರಸೀಕೆರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಅವು ತೂಗಾಡುತ್ತಿದ್ದವು. ಅಭ್ಯಾಸಬಲದಿಂದ ಎಣಿಸಲು ಹೊರಟು, ನಾಚಿಕೆಯಾಗಿ ಬಿಟ್ಟೆ.

ಬೆಂಗಳೂರಿಗೂ ಶ್ರೆಕ್‌ಗೂ ನಿಜವಾದ ನಂಟು ಬೆಳೆದದ್ದು ಇನ್ನೊಂದು ದಾರಿಯಿಂದ. ಆ ಟೊಪ್ಪಿಗೆಯ ಬೆಕ್ಕು ಮೊದಲು ಕಾಣಿಸಿಕೊಂಡದ್ದು ‘ಶ್ರೆಕ್ 2’ರಲ್ಲಿ. ಅದಕ್ಕೇ ಬೇರೆ ಸಿನಿಮಾ ಮಾಡಿದಾಗ, 2011ರ ‘ಪುಸ್ ಇನ್ ಬೂಟ್ಸ್’ನಲ್ಲಿ, ಟೆಕ್ನಿಕಲರ್ ಕಂಪನಿಯ ಬೆಂಗಳೂರು ಘಟಕದ ಕಲಾವಿದರು ಡ್ರೀಮ್‌ವರ್ಕ್ಸ್‌ಗಾಗಿ ದುಡಿದರು. ಡಿವಿಡಿಯ ಉಚ್ಛ್ರಾಯದಲ್ಲಿ ಲಕ್ಷಗಟ್ಟಲೆ ಡಿಸ್ಕುಗಳಿಗೆ ಅಚ್ಚೊತ್ತಿ ದೇಶದ ತುಂಬ ಸಾಗಿಸುತ್ತಿದ್ದ ದೊಡ್ಡ ಕಂಪನಿಗಳಲ್ಲಿ ಇದೇ ಟೆಕ್ನಿಕಲರ್ ಒಂದು. 2025ರಲ್ಲಿ ಅದರ ಭಾರತದ ಘಟಕ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲಿ ಬಹಳ ಜನ ಒಂದೇ ದಿನ ಬೀದಿಗೆ ಬಿದ್ದರು. ಆ ಸುದ್ದಿ ಓದಿದಾಗ ನನಗೆ ಸಿನಿಮಾ ನೆನಪಾಗಲಿಲ್ಲ, ಗೋದಾಮಿನ ಬಾಗಿಲಿಗೆ ಕಾಲಿನಿಂದ ನೂಕಿದ ಪೆಟ್ಟಿಗೆ ನೆನಪಾಯಿತು.

ನಾನು ಆ ಕೆಲಸ ಬಿಟ್ಟು ಬಹಳ ಕಾಲವಾಯಿತು. ಕೆಲಸವೇ ಮೊದಲು ನಮ್ಮನ್ನು ಬಿಟ್ಟಿತು ಅನ್ನಬಹುದು. 2014ರ ಮಾರ್ಚಿನಲ್ಲಿ ‘ಫ್ರೋಜನ್’ ಮೊದಲ ದಿನ 32 ಲಕ್ಷ ಡಿಸ್ಕ್ ಮಾರಿದಾಗ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಹತ್ತು ವರ್ಷದ ಹಿಂದೆ ‘ನೀಮೊ’ ಮಾರಿದ್ದರ ಅರ್ಧವೂ ಇಲ್ಲ ಅದು. ನೆಟ್‌ಫ್ಲಿಕ್ಸ್ 2023ರಲ್ಲಿ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನು ನಿಲ್ಲಿಸಿತು. ಮರುವರ್ಷ ಬೆಸ್ಟ್ ಬೈ ಅಂಗಡಿಗಳು ಡಿಸ್ಕ್ ಮಾರುವುದನ್ನೇ ಬಿಟ್ಟವು. ಈಗ ಲೆಕ್ಕ ತಿರುವುಮುರುವು. ಆಗ ಕೊಂಡದ್ದನ್ನು ಎಣಿಸುತ್ತಿದ್ದೆವು, ನೋಡಿದ್ದನ್ನಲ್ಲ. ಈಗ ನೋಡಿದ್ದನ್ನು ಮಾತ್ರ ಎಣಿಸುತ್ತಾರೆ, ಕೊಳ್ಳಲು ಏನೂ ಉಳಿದಿಲ್ಲ. ಅದರಲ್ಲೂ ಎಣಿಸುವವರು ಮಾರುವವರೇ. ಒಂದು ಕಾಲಕ್ಕೆ ನೆಟ್‌ಫ್ಲಿಕ್ಸ್ ಎರಡು ನಿಮಿಷ ನೋಡಿದರೂ ಒಂದು ವೀಕ್ಷಣೆ ಎಂದಿತು, ಆಮೇಲೆ ಒಟ್ಟು ಗಂಟೆ ಎಂದಿತು, 2023ರಿಂದ ಆ ಗಂಟೆಗಳನ್ನು ಸಿನಿಮಾದ ಅವಧಿಯಿಂದ ಭಾಗಿಸಿ ವೀಕ್ಷಣೆ ಎನ್ನುತ್ತಿದೆ. ಹೋಗಿ ಕೈ ತೂರಿಸಿ ನೋಡೋಣವೆಂದರೆ ತೊಟ್ಟಿಯೇ ಇಲ್ಲ. ಈ ಒಂದು ವಿಷಯಕ್ಕೆ ನನಗೆ ಹಳೆಯ ಕಾಲವೇ ಮೇಲೆನಿಸುತ್ತದೆ. ಸುಳ್ಳು ಲೆಕ್ಕವಾದರೂ ಒಂದಲ್ಲ ಒಂದು ದಿನ ಅದು ರಟ್ಟಿನ ಪೆಟ್ಟಿಗೆಯಲ್ಲಿ ವಾಪಸ್ ಬರುತ್ತಿತ್ತು.

‘ಶ್ರೆಕ್ 2’ ಡಿವಿಡಿಯನ್ನು ಈಗಲೂ ಸೋತ ಡಿವಿಡಿ ಎಂದು ಉದಾಹರಿಸುವವರಿದ್ದಾರೆ. ಅದು ಅನ್ಯಾಯದ ಮಾತು. ಸೋತದ್ದು ಅದರ ಮೇಲೆ ಕಟ್ಟಿದ ತ್ರೈರಾಶಿ. ವಾಪಸ್ ಬಂದದ್ದನ್ನೆಲ್ಲ ಕಳೆದ ಮೇಲೂ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಡಿವಿಡಿ ಅದೇ.